ನೆಲಕ್ಕೆ ಹರಿದ ಮೆನ್ಸಿಯಾ

ಸೆಪ್ಟೆಂಬರ್ 17

ಸೊಂಟ ಬಿದ್ದುಹೋಗಿದೆ. ಗುಡ್ಡದ ಮೇಲಿನ ಕಟ್ಟೆಗಳ ಮೆನ್ಸಿಯಾ ದ್ರಾಕ್ಷಿ ಇವತ್ತು ಕಿತ್ತು ಮುಗಿಯಿತು. ನಾಳೆ ಸಿಲ್ ನದಿಯ ಕಡೆಯ ಸಾಲುಗಳು. ಅಲ್ಲಿ ಆಡು ಕೂಡ ಯೋಚಿಸಿ ಕಾಲಿಡಬೇಕು. ಬ್ರೈಸ್ ಮಾತ್ರ ಹೆಗಲ ಮೇಲೆ ಬುಟ್ಟಿ ಹೊತ್ತು ಸಿಳ್ಳೆ ಹಾಕುತ್ತ ಇಳಿಯುತ್ತಾನೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಪಕ್ಕದ ತೋಟದ ಸೆಲ್ಸೊ ಗೋಡೆಯಾಚೆಯಿಂದ ಕೂಗಿದ— "ಏನೋ ಬ್ರೈಸ್, ಇಷ್ಟು ದಿನ ಗಿಡದಲ್ಲೇ ಬಿಟ್ಟಿದೀಯ? ಒಣದ್ರಾಕ್ಷಿ ಅಂಗಡಿ ಇಡೋ ಪ್ಲಾನಾ?"

"ನೀನು ಕಾಯಿ ಕಿತ್ತು ವಿನಿಗರ್ ಮಾಡ್ಕೊ ಮಾರಾಯ. ನಾನು ವೈನು ಮಾಡ್ತೀನಿ."

ಅಂಗಳದಲ್ಲಿ ಕೂತು ಕೊಳೆತ ಹಣ್ಣು ಆರಿಸುತ್ತಿದ್ದ ಅತ್ತೆ ಎರ್ಮಿನಿಯಾ ಇಬ್ಬರಿಗೂ ಬೈದರು. ಮಗನಿಗೆ ಸ್ವಲ್ಪ ಕಮ್ಮಿ.

ಸೆಪ್ಟೆಂಬರ್ 21, ಮಧ್ಯಾಹ್ನ

ನಮ್ಮ ಪುಟ್ಟ ಹೋಟೆಲಿಗೆ ಊಟಕ್ಕೆ ಮ್ಯಾಡ್ರಿಡ್‌ನ ಗುಂಪು. ಆಕ್ಟೋಪಸ್ ಬಡಿಸಿದ ಕೂಡಲೇ ಬಿಳಿ ವೈನು ಕೇಳಿದರು. ನಮ್ಮದೇ ಬಿಳಿ ಗೊದೆಯೊ ಇತ್ತು, ಆದರೆ ಅದನ್ನು ಟ್ರೌಟ್ ಮೀನಿಗೆ ಇಟ್ಟಿದ್ದೆ. ಬ್ರೈಸ್ ಕೆಂಪು ಬಾಟಲಿ ಹಿಡಿದು ಬಂದ.

"ಬಿಳೀದು ಕೊಡ್ತೀನಿ ಸ್ವಾಮಿ, ಇಲ್ಲ ಅನ್ನಲ್ಲ. ಆಕ್ಟೋಪಸ್ ಸಮುದ್ರದ್ದೇ, ಒಪ್ಕೊಂಡೆ. ಆದ್ರೆ ಮೇಲೆ ಮೆಣಸಿನ ಪುಡಿ ಹಾಕಿರೋಳು ನನ್ ಹೆಂಡ್ತಿ ಉಷಿಯಾ. ಅವಳನ್ನ ತಡ್ಕೊಳ್ಳೋಕೆ ಬಿಳಿ ವೈನಿನ ಕೈಲಿ ಆಗಲ್ಲ. ನನ್ ಕೈಲೇ ಆಗಿಲ್ಲ!"

ಎಲ್ಲರೂ ನಕ್ಕರು. ಅಡುಗೆಮನೆಯಿಂದ ಸೌಟು ತೋರಿಸಿದೆ. ಕೆಂಪನ್ನೇ ಕುಡಿದರು, ಮತ್ತೆ ಕೇಳಿದರು. ಅವನು ವೈನಿನ ರುಚಿ ಹೇಳುತ್ತಾನೆ, ನಾನು ಅದಕ್ಕೆ ತಟ್ಟೆ ಹುಡುಕುತ್ತೇನೆ. ನಮ್ಮ ಸಂಸಾರ ನಡೆದದ್ದೇ ಹೀಗೆ.

ಸೆಪ್ಟೆಂಬರ್ 30, ಬೆಳಿಗ್ಗೆ

ನದಿ ಕಡೆಯ ಮೆನ್ಸಿಯಾ ಹುದುಗಿ ಮುಗಿದಿದೆ. ಬೆಳಗಾಗುತ್ತಲೇ ಬ್ರೈಸ್ ವೈನನ್ನು ದೊಡ್ಡ ತೊಟ್ಟಿಯಿಂದ ಸ್ಟೀಲ್ ಟ್ಯಾಂಕಿಗೆ ಇಳಿಸಿದ. ಇನ್ನು ಒಳಗಿಳಿದು ತಳದ ಸಿಪ್ಪೆ ಎತ್ತಿಹಾಕಬೇಕು. ಒಂದು ಗ್ಲಾಸ್ ಹಿಡಿದು ಮೇಲೆ ಬಂದಿದ್ದ. ಕೈ ಚಾಚಿದೆ, ಕೊಡಲಿಲ್ಲ.

"ಈಗ್ಲೇ ಬೇಡ. ಮಾರ್ಟಿನ್ ಹಬ್ಬದ ದಿನ ಕುಡಿ. ಹೊಗಳೋಕೆ ಮಾತು ರೆಡಿ ಮಾಡ್ಕೊ."

ಮುಖದಲ್ಲಿ ಏನೋ ಇತ್ತು. ಇವತ್ತು ಯಾಕೋ ಹುಡುಗನ ಥರ... ಆಕ್ಟೋಪಸ್ ಕುದಿಯುತ್ತಿದೆ. ಈರುಳ್ಳಿ ಹೆಚ್ಚಬೇಕು.

ಅಕ್ಟೋಬರ್ 19

ಬ್ರೈಸ್ ಇಲ್ಲ.

ಬರೆದು ನೋಡಿದೆ. ಬರೆದರೂ ಅದೇ.

ಅಕ್ಟೋಬರ್ 20

ಒಂದು ಸಲ ಬರೆದುಬಿಡುತ್ತೇನೆ. ಮತ್ತೆ ಬರೆಯುವುದಿಲ್ಲ.

ದ್ರಾಕ್ಷಿ ಹುದುಗುವಾಗ ಹುಟ್ಟುವ ಗಾಳಿಗೆ ಬಣ್ಣವಿಲ್ಲ. ತೊಟ್ಟಿಯ ತಳದಲ್ಲಿ ನೀರಿನ ಹಾಗೆ ನಿಂತಿರುತ್ತದೆ, ಇಳಿದವರ ಉಸಿರು ಕಟ್ಟಿಸುತ್ತದೆ. ಇಲ್ಲಿ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಪ್ರತಿ ವರ್ಷ ಉರಿಯುವ ಮೇಣದಬತ್ತಿ ಇಳಿಸಿ ನೋಡಿ, ಆರದಿದ್ದರೆ ಮಾತ್ರ ಕಾಲಿಡುತ್ತಿದ್ದ. ಆ ದಿನವೂ ನೋಡಿದನೋ, ಇಲ್ಲವೋ. ಯಾರನ್ನು ಕೇಳಲಿ.

ಆ ಮೂವತ್ತನೇ ತಾರೀಖು ಮಧ್ಯಾಹ್ನ, ಆಕ್ಟೋಪಸ್ ಬೆಂದ ಮೇಲೆ, ಊಟಕ್ಕೆ ಕರೆಯಲು ಹೋದೆ. ಏಣಿ ಹತ್ತಿ ಇಣುಕಿದರೆ ಸಿಪ್ಪೆಯ ಮೇಲೆ ಮಲಗಿದ್ದ, ಸಲಿಕೆ ಕೈಯಲ್ಲೇ. ಇಳಿಯಲು ಕಾಲು ಹಾಕಿದ್ದೆ. ನನ್ನ ಕೂಗು ಕೇಳಿ ಓಡಿಬಂದ ಸೆಲ್ಸೊ ಸೊಂಟಕ್ಕೆ ಕೈಹಾಕಿ ಎಳೆದ. ಕಚ್ಚಿದೆ, ಪರಚಿದೆ.

"ನೀನೂ ಹೋಗ್ತೀಯ ಕಣೇ! ಇಬ್ರೂ ಹೋಗ್ತೀರ! ಆ ಮುದುಕಿನ ಯಾರು ನೋಡ್ಕೋತಾರೆ?"

ಫ್ಯಾನ್ ಇಟ್ಟು, ಹಗ್ಗ ಕಟ್ಟಿ ಅವನೇ ಎತ್ತಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದರು. ಅಳಲಿಲ್ಲ. "ಅವನ ಶರ್ಟು ಒದ್ದೆಯಾಗಿದೆ, ಬದಲಾಯ್ಸಿ" ಅಂದರು.

ಅಕ್ಟೋಬರ್ 24

ಮಣ್ಣು ಮಾಡಿದ ವಾರವೇ ಅಕ್ಕಪಕ್ಕದವರು ಬಂದು ಉಳಿದ ತೊಟ್ಟಿಗಳ ಕೆಲಸವನ್ನೆಲ್ಲ ಮುಗಿಸಿದ್ದಾರೆ. ನನಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಲಿಲ್ಲ. ಇವತ್ತು ಕೆಳಗಿನ ವೈನು ಕೋಣೆಗೆ ಇಳಿದರೆ ನೆಲ ತೊಳೆದಿದೆ, ಪೈಪು ಸುತ್ತಿಟ್ಟಿದೆ. ಆ ಬೆಳಿಗ್ಗೆ ತುಂಬಿಸಿದ ಸ್ಟೀಲ್ ಟ್ಯಾಂಕಿನ ಮೇಲೆ ಬ್ರೈಸ್‌ನ ಅಕ್ಷರದಲ್ಲಿ ಸೀಮೆಸುಣ್ಣದ ಬರಹ— 'ನದಿ ಕಡೆ'.

ನವೆಂಬರ್ 2

ಸತ್ತವರ ಹಬ್ಬ. ಸಮಾಧಿಗೆ ಸೇವಂತಿಗೆ ಇಟ್ಟು ಬಂದೆವು. ಬಾಗಿಲು ದಾಟುವ ಮೊದಲೇ ಅತ್ತೆ ಅಂದರು—

"ಅದನ್ನ ಚೆಲ್ಲಿಬಿಡು."

"ಯಾವುದನ್ನ?"

"ಗೊತ್ತಿದ್ದೂ ಕೇಳ್ಬೇಡ. ನನ್ ಮಗನ್ನ ತಿಂದದ್ದು."

"ವೈನು ಏನ್ ಮಾಡ್ತು ಅತ್ತೆ? ಅದು ಅವನು ಮಾಡಿದ್ದು. ಕೊನೇದು. ನಾನು ಬಾಟಲಿಗೆ ತುಂಬ್ತೀನಿ."

"ತುಂಬು. ಲೇಬಲ್ ಮೇಲೆ ಅವನ ಹೆಣದ ಫೋಟೋನೂ ಹಾಕು."

ರಾತ್ರಿ ಇಬ್ಬರೂ ಊಟ ಮಾಡಲಿಲ್ಲ.

ನವೆಂಬರ್ 11

ಮಾರ್ಟಿನ್ ಹಬ್ಬ. ಊರಿನಲ್ಲಿ ಚೆಸ್ಟ್‌ನಟ್ ಸುಡುವ ಹೊಗೆ. ಎಲ್ಲ ಮನೆಯಲ್ಲೂ ಹೊಸ ವೈನು ತೆರೆಯುತ್ತಾರೆ. ಗ್ಲಾಸ್ ಹಿಡಿದು ಟ್ಯಾಂಕಿನ ಮುಂದೆ ನಿಂತೆ. ಖಾಲಿ ಗ್ಲಾಸ್ ಹಿಡಿದೇ ವಾಪಸ್ ಬಂದೆ.

ಸೆಲ್ಸೊ ಬಿಸಿ ಚೆಸ್ಟ್‌ನಟ್ ತಂದುಕೊಟ್ಟ. ಈಗ ತಮಾಷೆ ಮಾಡುವುದಿಲ್ಲ. ಅವನ ಜಗಳಗಂಟ ಬಾಯಿಗೆ ಜೊತೆ ಇಲ್ಲ.

"ಬಾಟಲಿಗೆ ತುಂಬಿಸು ಉಷಿಯಾ. ನಾನು ಬರ್ತೀನಿ ಸಹಾಯಕ್ಕೆ."

ನವೆಂಬರ್ 18

ವಸಂತಕ್ಕೆ ಬುಕಿಂಗ್ ಕೇಳುತ್ತಿದ್ದಾರೆ. ಮೆನು ಬರೆಯಲು ಕೂತೆ. ಗೊದೆಯೊ— ಟ್ರೌಟ್, ಹ್ಯಾಮ್. ಹಳೆಯ ಮೆನ್ಸಿಯಾ— ಆಕ್ಟೋಪಸ್, ಕುರಿಮಾಂಸ. 'ನದಿ ಕಡೆ' ಅಂತ ಬರೆದು ಪೆನ್ನು ನಿಂತಿತು. ಇದರ ಪಕ್ಕ ಯಾವ ತಟ್ಟೆ ಇಡುವುದು? ಹಂದಿಯ ಭುಜದ ಮಾಂಸ? ಚೀಸ್? ಯಾವುದು ಬರೆದರೂ ಯಾರೋ ಬೆರಳು ನೆಕ್ಕಿಕೊಳ್ಳುವುದು ಕಾಣುತ್ತದೆ. ಹಾಳೆ ಹರಿದೆ.

ನವೆಂಬರ್ 23

ಬೆಳಿಗ್ಗೆ ಅತ್ತೆ ಹಾಸಿಗೆಯಲ್ಲಿಲ್ಲ. ಕೆಳಗಿನಿಂದ ಲೋಹ ಬಡಿಯುವ ಸದ್ದು. ಆ ಕಡಿದಾದ ಮೆಟ್ಟಿಲು ಒಬ್ಬರೇ ಇಳಿದಿದ್ದಾರೆ. ಟ್ಯಾಂಕಿನ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬೆರಳುಗಳು ಸೊಟ್ಟಗಾಗಿವೆ, ತಿರುಗಿಸಲು ಆಗುತ್ತಿಲ್ಲ. ಊರುಗೋಲಿನಿಂದ ಬಡಿದಿದ್ದಾರೆ. ಬೆರಳ ಗಂಟಿನ ಬಳಿ ರಕ್ತ.

ಸಿಟ್ಟು ಬಂತು. ಏನೋ ಹೇಳಲು ಬಾಯಿ ತೆರೆದೆ. ಅವರು ತಿರುಗಿ ನೋಡಿದರು.

"ಮ್ಯಾಡ್ರಿಡ್‌ನಿಂದ ಬರ್ತಾರೆ. ನಗ್ತಾ ಕುಡೀತಾರೆ. ಚೆನ್ನಾಗಿದೆ, ಇನ್ನೊಂದು ಬಾಟ್ಲಿ ತಗೊಂಬಾ ಅಂತಾರೆ. ಮೇಲೆ ಕೂತು ನಾನು ಅದನ್ನ ಕೇಳಿಸ್ಕೋಬೇಕು. ನನ್ ಕೈಲಾಗಲ್ಲ ಮಗಳೇ."

ಮಗಳೇ ಅಂತ ಯಾವತ್ತೂ ಕರೆದಿರಲಿಲ್ಲ.

ಅವರ ಕೈಗಳನ್ನು ಮೆಲ್ಲಗೆ ಬಿಡಿಸಿದೆ. ನಾನೇ ತಿರುಗಿಸಿದೆ.

ಎಷ್ಟು ಹೊತ್ತು ಹರಿಯಿತು! ಕೆನ್ನೀಲಿ. ಬಾಗಿಲಿನಿಂದಾಚೆ ಕಾಲುವೆಗೆ, ಅಲ್ಲಿಂದ ಕಟ್ಟೆಗಳ ಬುಡಕ್ಕೆ, ನದಿಯ ಕಡೆಗೆ. ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಧಾರೆ ಸಣ್ಣದಾಗುತ್ತಿತ್ತು. ಬೊಗಸೆ ಒಡ್ಡಿದೆ. ಒಂದೇ ಗುಟುಕು.

ಡಿಸೆಂಬರ್ 6

ಚಳಿ. ಸೊಪ್ಪಿನ ಸಾರು ಮಾಡಿದ್ದೆ. ಅತ್ತೆ ಬಟ್ಟಲು ಮುಂದಿಟ್ಟುಕೊಂಡು ಚಮಚದಿಂದ ಸೊಪ್ಪು ಕದಡುತ್ತಿದ್ದರು. ಆಮೇಲೆ, ನನ್ನ ಕಡೆ ನೋಡದೆ—

"ಚೆಲ್ಲಿದ ದಿನ ನಿನ್ ಗದ್ದದಲ್ಲಿ ವೈನಿನ ಕೆಂಪಿತ್ತು."

ಕೈ ತಾನಾಗಿ ಗದ್ದಕ್ಕೆ ಹೋಯಿತು.

"ಬೈಯಲ್ಲ. ಹೇಳು. ಹೇಗಿತ್ತು?"

ಮುದುಕಿ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಈ ಎರಡು ವಾರ ಇದೊಂದನ್ನೇ ಯೋಚಿಸುತ್ತ ಮಲಗಿದ್ದಾರೆ ಅಂತ ಆಗ ಗೊತ್ತಾಯಿತು.

"ಹುಳಿ ಇತ್ತು ಅತ್ತೆ. ಈ ಸಲ ಅವನಿಗೆ ವೈನು ಸರಿಯಾಗಿ ಬಂದಿರಲಿಲ್ಲ. ಹೇಗೂ ಚೆಲ್ಲಬೇಕಾಗ್ತಿತ್ತು."

"ಹೌದಾ... ಪಾಪ." ಉಸಿರು ಬಿಟ್ಟರು. "ಸದ್ಯ." ಸಾರು ಕುಡಿದರು. ಇನ್ನೊಂದು ಸೌಟು ಹಾಕಿಸಿಕೊಂಡರು.

ಈಗ ಮಲಗಿದ್ದಾರೆ.

ಹುಳಿಯಿರಲಿಲ್ಲ. ನುಂಗಿದ ಮೇಲೂ ಗಂಟಲಲ್ಲಿ ಬಹಳ ಹೊತ್ತು ಬೆಚ್ಚಗೆ ನಿಂತಿತ್ತು, ಮಳೆ ನಿಂತ ಮೇಲೆ ಕಟ್ಟೆಯ ಕಲ್ಲಿನಿಂದ ಏಳುವ ವಾಸನೆಯ ಹಾಗೆ. ಇಷ್ಟು ವರ್ಷ ಅವನು ಹುಡುಕುತ್ತಿದ್ದದ್ದು ಅದನ್ನೇ. ಸಿಕ್ಕಿತ್ತು ಬ್ರೈಸ್. ನಿನಗೆ ಸಿಕ್ಕಿತ್ತು, ನಾನು ಅದನ್ನು—