ಎತ್ತಿದ ಭಾರ ಇಳಿಸಲು ಅಪ್ಪಣೆಯಾಗಲಿ

ಪವರ್‌ಲಿಫ್ಟಿಂಗ್ ಸಂಘದ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ಎತ್ತಿದ ಭಾರವನ್ನು ಕೆಳಗಿಡಲು ದಯಮಾಡಿ ಅಪ್ಪಣೆ ಕೊಡಿ. ಪಂದ್ಯ ಮುಗಿದು ತಿಂಗಳಾಯಿತು. ಬಾಡಿಗೆ ಕುರ್ಚಿಗಳು ವಾಪಸು ಹೋದವು. ಅದೇ ಸಭಾಂಗಣದಲ್ಲಿ ಎರಡು ಮದುವೆಗಳೂ ನಡೆದುಹೋದವು. ಆದರೆ ತಮ್ಮ ಘನ ಕಚೇರಿ ನಮಗೆ ಬರೆದಿರುವ ಉತ್ತರವೇನು? "ಸದರಿ ಸ್ಪರ್ಧಿಯ ವಿಭಾಗದ ವಿಷಯವು ಪರಿಶೀಲನೆಯಲ್ಲಿರುವುದರಿಂದ, ತೀರ್ಮಾನವಾಗುವವರೆಗೆ ಆಕೆಯ ಎತ್ತುವಿಕೆಯು ಮುಂದುವರಿಯುತ್ತಿದೆ ಎಂದೇ ಭಾವಿಸತಕ್ಕದ್ದು." ಭಾವಿಸಿದೆವು ಸ್ವಾಮಿ! ಭಾವಿಸಿ ಭಾವಿಸಿ ನಮ್ಮ ಮನೆಮಂದಿಗೆಲ್ಲ ಸೊಂಟ ನೋವು ಬಂದಿದೆ. ನಿಮ್ಮ ಕಾಗದದ ಮೇಲೆ ನನ್ನ ಮಗಳು ಮಂಡಿ ನೆಟ್ಟಗೆ ಮಾಡಿ, ಭುಜ ಹಿಂದಕ್ಕೆಳೆದು, ತನ್ನ ಮೈತೂಕದ ಎರಡರಷ್ಟಕ್ಕೂ ಮಿಕ್ಕಿದ ಕಬ್ಬಿಣ ಹಿಡಿದು ಇವತ್ತಿಗೂ ವೇದಿಕೆಯ ಮೇಲೆ ನಿಂತಿದ್ದಾಳೆ. ಕಾಗದದಾಚೆ ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಾಳೆ. ಇಬ್ಬರಲ್ಲಿ ಯಾರು ನನ್ನ ಮಗಳು? ತಾವೇ ಅಪ್ಪಣೆ ಕೊಡಿಸಬೇಕು.

ಪತ್ರಿಕೆಯಲ್ಲಿ ಇದನ್ನು ಓದುತ್ತಿರುವ ಮಹಾಜನರಿಗೆ ನನ್ನ ಪರಿಚಯ ಬೇಕಲ್ಲ. ನಾನು ನಾಟಕದವನು. ರಾಜ, ರಾಕ್ಷಸ, ಮುನಿ, ಕಳ್ಳ, ಎಲ್ಲ ಆಗಿ ಮುಗಿಸಿ, ಮಂಡಿ ಸವೆದ ಮೇಲೆ ಈ ಸಂಘದ ಪಂದ್ಯಗಳಲ್ಲಿ ಸ್ಪರ್ಧಿಗಳ ಹೆಸರು ಕೂಗುವ ಕೆಲಸಕ್ಕೆ ಸೇರಿದೆ. ಮೈಕು ಕೆಟ್ಟರೂ ಪಂದ್ಯ ನಿಲ್ಲುವುದಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ನೀವೇ ನನ್ನನ್ನು ನೇಮಿಸಿದ್ದು. ನನ್ನ ಮಗಳು ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ದುಡಿಯುತ್ತಾಳೆ. ಬೆನ್ನಿಗೆ ಪಟ್ಟಿ ಬಿಗಿದು ಫ್ರಿಜ್ಜು ಹೊತ್ತು ಮೆಟ್ಟಿಲು ಹತ್ತುತ್ತಾಳೆ. ಎರಡು ಬಾಗಿಲಿನ ಕಬ್ಬಿಣದ ಬೀರುವನ್ನು ಒಬ್ಬಳೇ ತಿರುವಿನಲ್ಲಿ ತಿರುಗಿಸಿದ ದಿನದಿಂದ ಜೊತೆಗಾರರು ಅವಳನ್ನು ಬೀರಕ್ಕ ಎನ್ನುತ್ತಾರೆ. ಮೂರನೇ ಮಹಡಿಗೆ ಏದುಸಿರು ಬಿಡುತ್ತಾ ಬಂದವಳನ್ನು ಯಾವ ಮನೆಯವರೂ "ಒಂದು ನಿಮಿಷ, ಇದನ್ನು ಯಾವ ವಿಭಾಗದಲ್ಲಿ ಎತ್ತಿದಿರಿ?" ಎಂದು ಕೇಳಲಿಲ್ಲ. "ಗೋಡೆಗೆ ತಾಗಿಸ್ಬೇಡಮ್ಮ" ಅಂದರು, ಅಷ್ಟೇ.

ಅವಳು ಹುಟ್ಟಿದಾಗ ದಾದಿ "ಗಂಡು" ಎಂದಿದ್ದಳು. ಆ ಒಂದು ಸಂಭಾಷಣೆಯನ್ನು ನಂಬಿ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ನಾಟಕ ನಡೆಯಿತು. ಕೊನೆಗೆ ಒಂದು ಮಧ್ಯಾಹ್ನ ಅವಳು ಅಮ್ಮನ ಎದುರು ಕೂತು ತಾನು ಹೆಣ್ಣೆಂದು ಹೇಳಿದಳು. ನನ್ನ ಹೆಂಡತಿ ಸೊಪ್ಪು ಬಿಡಿಸುವ ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತು ಬಿಡೇ. ನಿಮ್ಮಪ್ಪಂಗೆ ಮಾತ್ರ ಮೆತ್ತಗೆ ಹೇಳು, ಕೂಗಿಬಿಡ್ತಾರೆ." ಮಗಳು ಮೆತ್ತಗೇ ಹೇಳಿದಳು. ನಾನು ಪಿಸುಗುಟ್ಟಿದೆ. ಆ ಪಿಸುಮಾತು ಮೂರು ಬೀದಿಗೆ ಕೇಳಿತು. ಅಲ್ಲಿಗೆ ಊರಿಗೆಲ್ಲ ತಿಳಿಸುವ ಖರ್ಚು ಉಳಿಯಿತು! ಪ್ರಾಯದಲ್ಲಿ ನಾನೂ ಸೀರೆ ಉಟ್ಟು ರಾಣಿಯಾಗಿ ಚಪ್ಪಾಳೆ ಗಿಟ್ಟಿಸಿದವನೇ. ಆದರೆ ನನ್ನದು ವೇಷ. ಆಟ ಮುಗಿದ ಮೇಲೆ ಕಳಚಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಅವಳು ಸೀರೆ ಉಟ್ಟ ದಿನ ವೇಷ ಹಾಕಿಕೊಂಡಳು ಎಂದು ಜನ ಅಂದರು. ವೇಷ ಎಂದರೇನೆಂದು ಬಲ್ಲ ನಾನು ಹೇಳುತ್ತೇನೆ ಕೇಳಿ: ಆ ದಿನ ಅವಳು ವೇಷ ಕಳಚಿದಳು.

ಇರಲಿ, ಪಂದ್ಯಕ್ಕೆ ಬರೋಣ. ಅವಳು ಅರ್ಜಿ ಹಾಕಿದಳು. ಮೊದಲು ನೀವು ಪುರುಷರ ವಿಭಾಗ ಎಂದಿರಿ. ಅಲ್ಲಿನ ಪೈಲ್ವಾನರು ಬಂದು "ಸಾರ್, ಬೀರಕ್ಕ ಒಳಗೆ ಬಂದ್ರೆ ನಾವು ಬಟ್ಟೆ ಎಲ್ಲಿ ಬದಲಾಯಿಸೋದು?" ಎಂದು ನಾಚಿ ನಿಂತರು. ಆಗ ತಾವು ಮಹಾ ಔದಾರ್ಯದಿಂದ "ಇತರೆ" ಎಂಬ ಹೊಸ ವಿಭಾಗ ತೆರೆದಿರಿ. ತೆರೆದ ಮೇಲೆ ನೋಡಿದರೆ ಅದರಲ್ಲಿ ಇವಳೊಬ್ಬಳೇ. ಇಬ್ಬರಾದರೂ ಇಲ್ಲದೆ ಸ್ಪರ್ಧೆ ಇಲ್ಲ ಎಂಬ ನಿಯಮ ತೋರಿಸಿ, "ಎದುರಾಳಿಯನ್ನು ತಾವೇ ಕರೆತರತಕ್ಕದ್ದು" ಎಂದು ಬರೆದಿರಿ. ಎದುರಾಳಿ ಎಂದರೆ ಚಾಪೆಯೇ ಸ್ವಾಮಿ, ಮನೆಯಿಂದ ಸುತ್ತಿಕೊಂಡು ಬರಲು? ಮಗಳ ಕಷ್ಟ ನೋಡಲಾರದೆ ನಾನೇ ಎದುರಾಳಿಯಾಗುತ್ತೇನೆಂದು ಅರ್ಜಿ ಹಾಕಿದೆ. "ಅರ್ಜಿದಾರರು ಇತರೆ ಅಲ್ಲ" ಎಂದು ತಿರಸ್ಕರಿಸಿದಿರಿ. ನನ್ನ ಹೆಂಡತಿ ಅದನ್ನು ಓದಿ, "ಇವ್ರಿಗೆ ನಿಮ್ಮನ್ನ ಸರಿಯಾಗಿ ಗೊತ್ತಿಲ್ಲ" ಅಂದಳು.

ಕೊನೆಗೆ ವೈದ್ಯರ ವರದಿಗಳನ್ನೆಲ್ಲ ತರಿಸಿಕೊಂಡು, ಮಹಿಳೆಯರ ವಿಭಾಗದಲ್ಲಿ "ಮುಂದಿನ ತೀರ್ಮಾನಕ್ಕೆ ಒಳಪಟ್ಟು" ಭಾಗವಹಿಸಬಹುದು ಎಂದು ಅನುಮತಿ ಕೊಟ್ಟಿರಿ. ತೂಕ ನೋಡುವ ಕೋಣೆಯಲ್ಲಿ ಇನ್ನೊಂದು ಅಂಕ. ನೋಡುವವರು ಸ್ಪರ್ಧಿಯ ಲಿಂಗದವರೇ ಆಗಿರಬೇಕಂತೆ. ಗಂಡಸು ಅಧಿಕಾರಿ "ನಾನು ನೋಡಲ್ಲ" ಎಂದರು. ಹೆಂಗಸು ಅಧಿಕಾರಿ "ತೀರ್ಮಾನ ಆಗೋವರೆಗೂ ನಾನೂ ನೋಡಲ್ಲ" ಎಂದರು. ಮಗಳು ಒಳಗೆ ತಕ್ಕಡಿಯ ಮೇಲೆ, ಇಬ್ಬರೂ ಹೊರಗೆ ಬಾಗಿಲಿಗೆ ಬೆನ್ನು ಮಾಡಿ. "ಎಷ್ಟಿದೆ ಅಂತ ಕೂಗ್ಲಾ?" ಎಂದಳು ಮಗಳು. "ಸ್ಪರ್ಧಿ ತನ್ನ ತೂಕ ತಾನೇ ಹೇಳ್ಕೊಳ್ಳೋ ಹಾಗಿಲ್ಲ!" ಎಂದು ಇಬ್ಬರೂ ಒಟ್ಟಿಗೆ. ಕಡೆಗೆ ಮಹಿಳಾ ವಿಭಾಗದ ಇನ್ನೊಬ್ಬ ಸ್ಪರ್ಧಿ, ಶಾಲೆಯ ಗಣಿತದ ಟೀಚರು, "ಅಯ್ಯೋ ಸರೀರೀ, ಅಂಕಿ ಓದೋಕೆ ನಾನಿದ್ದೀನಿ" ಎಂದು ಒಳಗೆ ನುಗ್ಗಿ ಓದಿದರು. ಗೆಲ್ಲಬೇಕೆಂದು ಬಂದ ಎದುರಾಳಿಯ ಕಣ್ಣು ನಿಮ್ಮ ಅಧಿಕಾರಿಗಳ ಕಣ್ಣಿಗಿಂತ ಗಟ್ಟಿಯಾಗಿತ್ತು.

ಈಗ ಮಹಾಜನರೇ, ಪರದೆ ಮೇಲೇಳಲಿ! ಕೊನೆಯ ಸುತ್ತು, ಡೆಡ್‌ಲಿಫ್ಟು. ನೆಲದ ಮೇಲಿರುವ ಸರಳನ್ನು ಎತ್ತಿ ನೆಟ್ಟಗೆ ನಿಲ್ಲಬೇಕು. ಮುಖ್ಯ ರೆಫರಿ ಕೈ ಕೆಳಗೆ ಬೀಸಿ, ಬಾಯಲ್ಲಿ "ಡೌನ್" ಎನ್ನುವವರೆಗೆ ಇಳಿಸುವಂತಿಲ್ಲ. ಮೊದಲೇ ಇಳಿಸಿದರೆ ಸೋಲು. ಆಮೇಲೆ ಮೂವರು ರೆಫರಿಗಳು ದೀಪ ಹಾಕುತ್ತಾರೆ, ಬಿಳಿಯಾದರೆ ಸೈ, ಕೆಂಪಾದರೆ ಇಲ್ಲ. ನಾನು ಮಗಳ ಹೆಸರನ್ನು ಕೂಗಿದೆ. ಚಾವಣಿಯ ಪಾರಿವಾಳಗಳು ಹಾರಿದವು. ಅವಳು ಕೈಗೆ ಬಿಳಿ ಪುಡಿ ಬಳಿದುಕೊಂಡು ಬಂದಳು, ಬಗ್ಗಿದಳು, ಎತ್ತಿದಳು. ಎತ್ತಿಯೇಬಿಟ್ಟಳು! ರೆಫರಿಯ ಕೈ ಗಾಳಿಯಲ್ಲಿ ಕೆಳಕ್ಕೆ ಹೊರಟಿತು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು. ಫೋನಿನಲ್ಲಿ ತಾವು. ಆ "ಮುಂದಿನ ತೀರ್ಮಾನ" ಸರಿಯಾಗಿ ಆ ಗಳಿಗೆಯಲ್ಲೇ ಹುಟ್ಟಬೇಕಾಗಿತ್ತೇ?

"ತಡೀರಿ! ಏನೂ ಹೇಳ್ಬೇಡಿ!" ಎಂದಿರಿ ತಾವು. ಸ್ಪೀಕರು ಹಾಕಿದ್ದರಿಂದ ಸಭೆಗೆಲ್ಲ ಕೇಳಿತು. ರೆಫರಿಯ ಕೈ ಅರ್ಧದಲ್ಲೇ ಗೊಂಬೆಯಂತೆ ನಿಂತಿತು.

"ಯಾರ್ರೀ ಅದು ಎತ್ತಿರೋದು?"

"ಅವರೇ ಸಾರ್. ಅದೇ... ಅವರು."

"ಗಂಡಾಗಿ ಎತ್ತಿದಾರಾ, ಹೆಣ್ಣಾಗಿ ಎತ್ತಿದಾರಾ?"

"ಕೈಯಲ್ಲಿ ಎತ್ತಿದಾರೆ ಸಾರ್."

"ಸಮಿತಿ ಸೇರಿಸಿ. ಈಗಲೇ ತೀರ್ಮಾನ ಆಗ್ಲಿ. ಅಲ್ಲೀವರೆಗೂ ಯಥಾಸ್ಥಿತಿ."

ಯಥಾಸ್ಥಿತಿ! ಎಂಥ ಮುದ್ದಾದ ಶಬ್ದ ಸ್ವಾಮಿ, ಕುರ್ಚಿಯಲ್ಲಿ ಕೂತವರ ಬಾಯಲ್ಲಿ! ಸಮಿತಿ ಸೇರಿತು. ಟೀ ಬಂತು. ಸಕ್ಕರೆ ಕಡಿಮೆಯೆಂದು ಒಬ್ಬರು ವಾಪಸು ಕಳಿಸಿದರು. ಪಕ್ಕದ ರೆಫರಿ ನಿಯಮ ಓದಿದರು, ಇನ್ನೊಬ್ಬರು ಅದು ಹಳೆಯ ನಿಯಮವೆಂದರು. ಮಗಳ ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು. ಅವಳು ಹಲ್ಲು ಕಚ್ಚಿಕೊಂಡೇ ಹೇಳಿದಳು, "ಅಪ್ಪಾ... ಮೂಗು ಕಡೀತಿದೆ."

ಟೀಚರಮ್ಮ ಓಡಿ ಬಂದು ಕೈ ಚಾಚಿದರು. "ಮುಟ್ಬೇಡಿ! ಮುಟ್ಟಿದ್ರೆ ಫೌಲು!" ಎಂದು ಮೂವರು ರೆಫರಿಗಳೂ ಎದ್ದು ನಿಂತರು. ಆ ದಿನ ಆ ಮೂವರೂ ಒಮ್ಮತಕ್ಕೆ ಬಂದ ವಿಷಯ ನನ್ನ ಮಗಳ ಮೂಗೊಂದೇ.

"ರೀ, ನಾನೂ ಗೆಲ್ಲೋಕೇ ಬಂದಿರೋದು," ಟೀಚರಮ್ಮ ಸಮಿತಿಯ ಮೇಜಿಗೆ ಗುದ್ದಿದರು. "ಇವ್ರು ನನ್ ಜೊತೆ ಎತ್ತೋದು ಸರಿಯಾ ಅಂತ ನಂಗೂ ಪ್ರಶ್ನೆ ಇದೆ. ನಾಳೆ ಕೂತು ಮಾತಾಡೋಣ. ಮೊದ್ಲು ಇಳಿಸೋಕೆ ಹೇಳ್ರೀ, ಮನುಷ್ಯರಲ್ವಾ ನೀವು!"

ನಮ್ಮ ನಾಟಕ ಕಂಪನಿಯಲ್ಲಿ ಒಮ್ಮೆ ಪರದೆಯ ಹಗ್ಗ ಸಿಕ್ಕಿಕೊಂಡಿತ್ತು. ನಾನು ಯುದ್ಧದಲ್ಲಿ ಸತ್ತ ರಾಜ. ಪರದೆ ಬೀಳದೆ ಸತ್ತವನು ಏಳುವಂತಿಲ್ಲ. ಸೊಳ್ಳೆ ಕಚ್ಚಿತು, ತಡೆದೆ. ಇರುವೆ ಹತ್ತಿತು, ತಡೆದೆ. ಕೊನೆಗೆ ಸತ್ತ ರಾಜನೇ ಎದ್ದು ಹೋಗಿ ಹಗ್ಗ ಎಳೆದು, ವಾಪಸು ಬಂದು ಸತ್ತ. ಆ ಬುದ್ಧಿಯೇ ನನಗೆ ಆಗಲೂ ಬಂತು. ಮೈಕು ಬಿಸುಟು, ಎದೆ ತುಂಬ ಉಸಿರೆಳೆದು ಕೂಗಿದೆ: "ಇಳಿಸು ಮಗಳೇ! ಇಳಿಸೂ! ಡೌನ್!"

ಸಭಾಂಗಣ ನಡುಗಿತು. ಸರಳು ಕದಲಲಿಲ್ಲ. ಅವಳು ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿ, "ನೀನು ರೆಫರಿ ಅಲ್ಲಪ್ಪಾ," ಎಂದಳು. ಮಾನ್ಯರೇ, ಅವಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಮೂರು ವಿಭಾಗ ಸುತ್ತಾಡಿಸಿದ ನಿಮ್ಮ ನಿಯಮವನ್ನು ಆ ಹೊತ್ತಿನಲ್ಲಿ ಇಡೀ ಸಭಾಂಗಣದಲ್ಲಿ ಪಾಲಿಸುತ್ತಿದ್ದವಳು ಅವಳೊಬ್ಬಳೇ.

ಮುಂದಿನದನ್ನು ನೆನೆದರೆ ಅಳಬೇಕೋ ನಗಬೇಕೋ ತಿಳಿಯದು. ಕಬ್ಬಿಣ ಹಿಡಿದವಳು ನಿಂತೇ ಇದ್ದಳು. ಏನೂ ಹಿಡಿಯದ ರೆಫರಿಯ ಕೈ ಸೋತಿತು! ಗಾಳಿಯಲ್ಲಿ ಚಾಚಿದ ತೋಳಿಗೆ ಜೋಮು ಹಿಡಿದು, "ಅಯ್ಯಯ್ಯೋ!" ಎನ್ನುತ್ತಾ ಅದು ದೊಪ್ಪನೆ ತೊಡೆಯ ಮೇಲೆ ಬಿತ್ತು. ಕೈ ಇಳಿಯಿತು, ಬಾಯಿಂದ ಶಬ್ದವೂ ಬಂತು. ಮಗಳು ಎರಡೂ ಕೈಯಿಂದ ಸರಳನ್ನು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವಂತೆ, ನೆಲಕ್ಕಿಟ್ಟಳು. ಆಮೇಲೆ ಮೂಗು ತುರಿಸಿಕೊಂಡಳು. ಜನ ಎದ್ದು ನಿಂತು "ಒನ್ಸ್ ಮೋರ್" ಎಂದರು. ಅಷ್ಟೊಂದು ಅಭಿಮಾನವೂ ಒಳ್ಳೆಯದಲ್ಲ.

ದೀಪ? ಒಂದೂ ಹೊತ್ತಲಿಲ್ಲ. "ಅಯ್ಯಯ್ಯೋ" ಎಂಬುದು ಅಧಿಕೃತ ಆಜ್ಞೆಯೋ ಅಲ್ಲವೋ ಎಂದು ನಿಮ್ಮ ಕಚೇರಿ ತಿಂಗಳಿಂದ ಪರಿಶೀಲಿಸುತ್ತಿದೆ. ಪರಿಣಾಮ: ಎತ್ತುವಿಕೆ ಮುಗಿದಿಲ್ಲ, ಆದ್ದರಿಂದ ಪಂದ್ಯ ಮುಗಿದಿಲ್ಲ, ಆದ್ದರಿಂದ ವೇದಿಕೆ ಖಾಲಿಯಿಲ್ಲ. ಅದಕ್ಕೆ ಹಗ್ಗ ಕಟ್ಟಿಸಿದ್ದೀರಿ. ಆ ಎರಡೂ ಮದುವೆಗಳ ಫೋಟೊಗಳಲ್ಲಿ ವಧೂವರರ ಹಿಂದೆ ನಮ್ಮ ಕಬ್ಬಿಣ ನಗುತ್ತಿದೆ. ಮಗಳ ನಂತರ ಎತ್ತಬೇಕಿದ್ದ ಟೀಚರಮ್ಮ ಇನ್ನೂ "ಮುಂದಿನ ಸ್ಪರ್ಧಿ". ಮೇಲಿನ ಹಂತದ ಪಂದ್ಯಕ್ಕೆ ಅರ್ಜಿ ಕರೆದಿದ್ದಾರೆ, ಈ ವಾರವೇ ಕೊನೆ. ಒಂದು ವೇದಿಕೆಯ ಮೇಲಿರುವವರು ಇನ್ನೊಂದಕ್ಕೆ ಅರ್ಜಿ ಹಾಕುವಂತಿಲ್ಲವೆಂದು ಇಬ್ಬರನ್ನೂ ವಾಪಸು ಕಳಿಸಿದ್ದೀರಿ. ಮನೆಯಲ್ಲಂತೂ ಮಗಳಿಗೆ ಪಾತ್ರೆ ತೊಳೆ ಎಂದರೆ, "ಕೈ ಖಾಲಿ ಇಲ್ಲಮ್ಮ, ಬೇಕಾದ್ರೆ ಸಂಘದಲ್ಲಿ ಕೇಳು" ಎನ್ನುತ್ತಾಳೆ. ತೊಳೆಯುತ್ತಿರುವವನು ನಾನು.

ನಾನು ನ್ಯಾಯದ ಪ್ರಶ್ನೆಗೆ ಹೆದರುವವನಲ್ಲ. ಹುಟ್ಟಿದ ದೇಹದ ಬಲ ಎಷ್ಟು ಉಳಿಯುತ್ತದೆ, ಔಷಧಿಯಿಂದ ಎಷ್ಟು ಇಳಿಯುತ್ತದೆ, ಬಲ್ಲವರು ವಾದಿಸಲಿ, ಅಳೆಯಲಿ, ನಿಯಮ ಬರೆಯಲಿ. ಟೀಚರಮ್ಮ ಆ ಪ್ರಶ್ನೆಯನ್ನು ಮಗಳ ಮುಖಕ್ಕೇ ಕೇಳಿದ್ದಾರೆ. ಇವಳು ಉತ್ತರ ಕೊಟ್ಟಿದ್ದಾಳೆ. ಇಬ್ಬರೂ ಜಗಳವಾಡಿ, ಒಪ್ಪಿಗೆಯಾಗದೆ, ಒಂದೇ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದಿದ್ದಾರೆ. ಮನುಷ್ಯರು ಪ್ರಶ್ನೆ ಕೇಳುವ ರೀತಿ ಅದು. ಅರ್ಜಿ ಕೊಟ್ಟಾಗ ಕೇಳಿ, ಮುಖ ನೋಡಿ ಕೇಳಿ, ಬೇಡವೆಂದರೆ ಬೇಡವೆನ್ನಿ. ಆದರೆ ಒಳಗೆ ಬಿಟ್ಟು, ಭಾರ ಹೊರಿಸಿ, "ಅದು ಹಿಡ್ಕೊಂಡಿರಿ, ನೀವು ಯಾರು ಅಂತ ನಾವು ಮಾತಾಡಿ ಹೇಳ್ತೀವಿ" ಎನ್ನುವುದು ಯಾವ ಕ್ರೀಡೆ?

ಆ ದಿನ ಬಸ್ಸಿನಲ್ಲಿ ಅವಳು ಕೈಯ ಬೊಬ್ಬೆ ನೋಡಿಕೊಳ್ಳುತ್ತಾ ಹೇಳಿದ್ದು ಇಷ್ಟು: "ಅಪ್ಪಾ, ಕೆಂಪು ಹಾಕಿದ್ರೂ ಬೇಜಾರಾಗ್ತಿರ್ಲಿಲ್ಲ. ಕೆಂಪಂದ್ರೆ ಇವ್ಳು ಬಂದಿದ್ಲು, ಎತ್ತೋಕೆ ನೋಡಿದ್ಲು, ಆಗ್ಲಿಲ್ಲ ಅಂತ ಅರ್ಥ. ದೀಪಾನೇ ಹಾಕ್ದೇ ಇದ್ರೆ?" ಜೀವಮಾನವೆಲ್ಲ ಬೇರೆಯವರ ಸಂಭಾಷಣೆ ಒಪ್ಪಿಸಿದವನು ನಾನು. ಆ ಪ್ರಶ್ನೆಯನ್ನು ಮಾತ್ರ ನನ್ನದೇ ಮಾತಿನಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಆದ್ದರಿಂದ ಮಾನ್ಯರೇ, ಬಹುಮಾನ ಬೇಡ, ಹಾರ ಬೇಡ, ತಮ್ಮ ವಿಷಾದ ಸೂಚಕ ಪತ್ರವೂ ಬೇಡ. ಈ ವಾರ ಮುಗಿಯುವುದರೊಳಗೆ ರೆಫರಿಗಳನ್ನು ಕೂರಿಸಿ, ಬಿಳಿಯೋ ಕೆಂಪೋ, ದೀಪ ಹಾಕಿಸಿ. ಅದಕ್ಕೂ ಮೊದಲು ತಾವೇ ಬಂದು, ಕೈ ತಾನಾಗಿ ಬೀಳುವವರೆಗೆ ಕಾಯದೆ, "ಇಳಿಸಿ" ಎಂಬ ಆ ಒಂದು ಮಾತು ಬಾಯಿಬಿಟ್ಟು ಹೇಳಿ. ನಿಮ್ಮ ಮಾತಿಲ್ಲದೆ ಅವಳು ಇಳಿಸುವವಳಲ್ಲ. ನನ್ನಿಂದಲೇ ಆಗಲಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಇನ್ನೂ ಭಾರ ಹಿಡಿದು ನಿಂತಿರುವವಳ ಅಪ್ಪ
(ಅನಧಿಕೃತವಾಗಿ "ಡೌನ್" ಎಂದು ಕೂಗಿದ್ದಕ್ಕೆ ಕೆಲಸದಿಂದ ಅಮಾನತಾದವನು. ಗಂಟಲು ಅಮಾನತಾಗಿಲ್ಲ.)

ಜೊತೆಗೆ ಸಹಿ:
ಮುಂದಿನ ಸ್ಪರ್ಧಿ, ಗಣಿತದ ಟೀಚರು
(ಕೈಗೆ ಪುಡಿ ಬಳಿದುಕೊಂಡೇ ಕಾಯುತ್ತಿದ್ದೇನೆ. ಅವಳು ಇಳಿಸಿದ ಮೇಲೆಯೇ ನಾನು ಎತ್ತುವುದು.)