ಗುರುವಾರ ಹೊಡೆದ ನೀಲಿ ಬಣ್ಣ

ಶಹಾಪುರ, ಬೆಳಗಾವಿ
ಭಾನುವಾರ, ೨೪ ನವೆಂಬರ್ ೨೦೨೪

ಪ್ರೀತಿಯ ಪ್ರಮಿಳಾ,

ಫೋನು ಎತ್ತುತ್ತಿಲ್ಲ ನೀನು. ಎತ್ತಬೇಡ, ಇವತ್ತೇ ನಿನ್ನ ಬಾಗಿಲ ಸಂದಿಯಲ್ಲಿ ಹಾಕಿ ಹೋಗುವ ಈ ಕಾಗದವನ್ನಾದರೂ ಓದು. ಬಣ್ಣದ ವಿಷಯವನ್ನೇ ಬರೆಯುತ್ತೇನೆ. ಬೇರೆಯದನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಖಾನಾಪುರದ ನಮ್ಮ ಶಾಲೆಯ ಹುಡುಗಿಯರು ರಟ್ಟಿನ ಕೊಳವೆಯಲ್ಲಿ ಮಾಡಿದ ಆ ಮೂರಡಿ ರಾಕೆಟ್ಟಿಗೆ ದೀಪಾವಳಿ ರಜೆಯ ಹಿಂದಿನ ದಿನ ನೀನು ನೀಲಿ ಸ್ಪ್ರೇ ಹೊಡೆದೆ. "ಒಂದ್ ವಾರ ಯಾರೂ ಮುಟ್ಟಬ್ಯಾಡ್ರಿ" ಅಂದೆ. ವಾರ ಕಳೆಯಿತು. ಎಂಟನೇ ತಾರೀಖು, ಶುಕ್ರವಾರ, ಹುಡುಗಿಯರೆಲ್ಲ ಸುತ್ತ ನಿಂತಿದ್ದಾಗ ನೀನು ಅದರ ಮೇಲೆ ಹೊಳಪಿನ ಕ್ಲಿಯರ್ ಕೋಟ್ ಹೊಡೆದೆ. ಐದು ನಿಮಿಷವೂ ಆಗಿರಲಿಲ್ಲ, ನೀಲಿಯೆಲ್ಲ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು.

ಆಗ ನಾನು ಎಲ್ಲರೆದುರಿಗೆ ಅಂದೆನಲ್ಲ, "ನಿನ್ನ ಕೈ ನಡಗತಾವ ಪ್ರಮಿಳಾ, ಅದಕ್ಕ ಬಣ್ಣ ಒಂದ ಕಡೆ ಕುಂತೈತಿ" ಅಂತ. ಕೈ ನಡುಗುವ ವಿಷಯ ನೀನು ನನ್ನೊಬ್ಬಳಿಗೇ ಹೇಳಿದ್ದೆ. ನೀನು ಡಬ್ಬಿ ಕೆಳಗಿಟ್ಟು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದೆ. ಅಂದಿನಿಂದ ಶಾಲೆಗೆ ಬಂದಿಲ್ಲ.

ಹೆಡ್‌ಮಾಸ್ಟರ್ ಗುರುಪುತ್ರಪ್ಪ ಸರ್ ಮೊನ್ನೆ ನನ್ನನ್ನು ಕರೆದು ನಿನ್ನ ರಾಜೀನಾಮೆ ಪತ್ರ ತೋರಿಸಿದರು. "'ಇವು ಬ್ರಶ್ ಹಿಡಿಯೂ ಕೈ ಅಲ್ರಿ ಇನ್ನ' ಅಂತ ಬರದಾರ. ಇಪ್ಪತ್ತೆರಡ ವರ್ಷ ಡ್ರಾಯಿಂಗ್ ಕಲಿಸಿದವರು. ಏನಾತ್ರೀ ಟೀಚರ್?" ಎಂದರು. ಪತ್ರ ಮಡಚಿ ಅವರ ಮೇಜಿನ ಮೇಲಿಟ್ಟು ಕ್ಲಾಸಿಗೆ ಹೋದೆ.

ಈ ಎರಡು ವಾರ ನಾನು ಮಾಡಿದ್ದೇನು ಗೊತ್ತೇ? ಇಲ್ಲಿ ನಮ್ಮ ಓಣಿಯ ಮಗ್ಗದವರ ಹತ್ತಿರ ಸೀರೆ ಸುತ್ತುವ ರಟ್ಟಿನ ಕೊಳವೆ ನಾಲ್ಕು ತಂದು, ಮಾಳಿಗೆಯ ಮೇಲೆ ನಿಲ್ಲಿಸಿ, ಅದೇ ನೀಲಿ ಹೊಡೆದೆ. ಒಂದಕ್ಕೆ ಅರ್ಧ ತಾಸಿಗೇ ಕ್ಲಿಯರ್ ಹೊಡೆದರೆ ಗಾಜಿನ ಹಾಗೆ ಬಂತು. ಇನ್ನೊಂದಕ್ಕೆ ಮರುದಿನ ಹೊಡೆದರೆ ಸುಕ್ಕು! ಹೆಚ್ಚು ಒಣಗಿದ್ದು ಕೆಡಬೇಕೇ? ಮೂರನೆಯದಕ್ಕೆ ವಾರ ಬಿಟ್ಟು ಬೆಳಗಿನ ಇಬ್ಬನಿಯಲ್ಲಿ ಹೊಡೆದೆ, ಸುಕ್ಕಿಲ್ಲ, ಆದರೆ ಮಂಜು ಕವಿದಂತೆ ಬೆಳ್ಳಗಾಯಿತು. ಅದೇ ಡಬ್ಬಿ, ಅದೇ ಕೈ, ಮೂರು ನಮೂನೆ. ತಲೆಬುಡ ತಿಳಿಯಲಿಲ್ಲ.

ಕೊನೆಗೆ ಮೂರನ್ನೂ ಬಗಲಲ್ಲಿ ಹಿಡಿದುಕೊಂಡು, ಕಾರಿಗೆ ಬಣ್ಣ ಹೊಡೆಯುವ ಸಾತಪ್ಪನ ಗ್ಯಾರೇಜಿಗೆ ಹೋದೆ. ಅವನು ಉಗುರಿನಿಂದ ಕೆರೆದು ನಕ್ಕ. "ಬೆಳ್ಳಗಾಗಿದ್ದು ಥಂಡಿಗೆ ರೀ, ಬಿಸಲಾಗ ಹೊಡೀರಿ. ಸುಕ್ಕ ಬ್ಯಾರೆ. ಮ್ಯಾಲ ಒಣಗಿದಂಗ ಕಾಣತೈತಿ, ಒಳಗ ಹಸೀನ ಇರತೈತಿ. ಒಂದ್ ತಾಸಿನಾಗ ಹೊಡೀಬೇಕು, ಇಲ್ಲಾ ವಾರ ಬಿಡಬೇಕು." ನಾವು ವಾರ ಬಿಟ್ಟಿದ್ದೆವು ಎಂದೆ. "ಹಂಗಾರ ನಡುವ ಯಾರರ ಮತ್ತ ನೀಲಿ ಹೊಡದಾರೇನ್ರಿ?" ಎಂದು ಕೇಳಿದ.

ಹೊಡೆದಿದ್ದೆ, ಪ್ರಮಿಳಾ. ಗುರುವಾರ ಸಂಜೆ ನೀನು ಮನೆಗೆ ಹೋದ ಮೇಲೆ ರಾಕೆಟ್ಟನ್ನು ಕಪಾಟಿಗೆ ಎತ್ತಿಡುವಾಗ ನನ್ನ ಬಳೆ ತಾಗಿ ಉದ್ದಕ್ಕೆ ಗೀರು ಬಿತ್ತು. ನಿನಗೆ ಹೇಳಲು ನಾಚಿಕೆಯಾಗಿ ಮೇಲಿಂದ ಕೆಳಗಿನವರೆಗೆ ಇನ್ನೊಂದು ಸಲ ನೀಲಿ ಹೊಡೆದೆ. ಅದರಿಂದ ಹೀಗಾಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಸಾತಪ್ಪ ಹೇಳಿದ ಮೇಲೆಯೇ ತಿಳಿದದ್ದು. ನೀಲಿ ಹೊಡೆದು ಆಗಲೇ ವಾರ ದಾಟಿದ್ದ ನಾಲ್ಕನೆಯ ಕೊಳವೆಗೆ ನಡುಮಧ್ಯಾಹ್ನ ಕ್ಲಿಯರ್ ಹೊಡೆದೆ. ಒಂದು ಕಲೆಯಿಲ್ಲ. ನೀನು ಮಾಡಿದ್ದು ಸರಿಯಾಗಿತ್ತು.

ನಿನ್ನೆ ಹುಡುಗಿಯರ ಮುಂದೆ ಇದನ್ನು ಹೇಳಿದೆ. ಸಾನಿಕಾ ಎದ್ದು ನಿಂತು, "ಹಂಗಾರ ಪ್ರಮಿಳಾ ಟೀಚರ್ ಕೈ ನೆಟ್ಟಗ ಅದಾವೇನ್ರಿ?" ಎಂದಳು. ನೆಟ್ಟಗಿವೆ ಎಂದರೆ ಸುಳ್ಳಾಗುತ್ತಿತ್ತು. ಅವರ ಕೈಯದೇನೂ ತಪ್ಪಿಲ್ಲ ಎಂದೆ. ಹುಡುಗಿಯರು ನೀರಿನಲ್ಲಿ ನೆನೆಸಿದ ಪಾಲಿಶ್ ಕಾಗದದಿಂದ ಉಜ್ಜಿ ಸುಕ್ಕನ್ನೆಲ್ಲ ತೆಗೆದಿದ್ದಾರೆ. ಆದರೆ ಹೊಸ ಬಣ್ಣ ಹೊಡೆಯಲು ಯಾರೂ ಒಪ್ಪುತ್ತಿಲ್ಲ. "ಟೀಚರ್ ಬರ್ಲಿ ಬಿಡ್ರಿ. ಬರಲಿಲ್ಲಂದ್ರ ಬೋಳಽ ಹಾರಸೂಣು" ಅನ್ನುತ್ತಾರೆ. ಡಿಸೆಂಬರ್ ಏಳಕ್ಕೆ ಬೀಡಿ ಊರಿನ ಹತ್ತಿರ, ಕೊಯ್ಲಾದ ಹೊಲದಲ್ಲಿ ಹಾರಿಸುವುದು. ರಾಜೀನಾಮೆಯನ್ನು ಸರ್ ಇನ್ನೂ ಮೇಲಕ್ಕೆ ಕಳಿಸಿಲ್ಲ.

ನಿನ್ನ
ರಸಿಕಾ

ಮರೆತ ಮಾತು: ಮರೆತದ್ದಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಸುಕ್ಕು ಏಳುತ್ತಿದ್ದಾಗಲೇ ನನಗೆ ಗುರುವಾರದ ಬಣ್ಣ ನೆನಪಾಗಿತ್ತು. ಗೊತ್ತಿದ್ದೇ ನಿನ್ನ ಕೈಯ ಮಾತು ಎತ್ತಿದೆ. ನಾಲ್ಕು ಕೊಳವೆಗೆ ಬಣ್ಣ ಹೊಡೆದದ್ದು ಬೇರೆ ಯಾವುದಾದರೂ ಕಾರಣ ಸಿಕ್ಕೀತೇ ಎಂಬ ಆಸೆಗೆ. ಯಾಕೆ ಹಾಗಂದೆನೋ ಇವತ್ತಿಗೂ ನನಗೆ ತಿಳಿದಿಲ್ಲ. ಹುಡುಗಿಯರಿಗೆ ಅರ್ಧವಷ್ಟೇ ಹೇಳಿದ್ದೇನೆ. ಉಳಿದರ್ಧ ನಾಳೆ ಮೊದಲನೇ ಪಿರಿಯಡ್‌ನಲ್ಲಿ ಹೇಳುತ್ತೇನೆ, ನೀನು ಬಂದರೂ, ಬರದಿದ್ದರೂ.