ನಿಮ್ಮ ಎಡಗಾಲ ಬುಡದ ಹುಲ್ಲು

ಕೂಗು ನಿಂತ ನೂರಾ ಹನ್ನೊಂದನೆಯ ವರ್ಷ, ಹಿರಿಯರ ಅಮಾವಾಸ್ಯೆಯ ಮರುದಿನ.

ನನ್ನ ಮುತ್ತಜ್ಜನ ಮುತ್ತಜ್ಜರಾದ ಈರಸಂಗಪ್ಪನವರಿಗೆ, ನೀವು ಎಂದೂ ಕಾಣದ ನಿಮ್ಮ ವಂಶದ ಕುಡಿ ಶಿವಬಸವ್ವ ಬರೆಯುವುದು.

ಈ ತಾರೀಖು ನಿಮಗೆ ಅರ್ಥವಾಗದು. ನಮ್ಮ ಸೀಮೆಯ ಕಡೆಯ ಕೌಜುಗ ಹಕ್ಕಿ ಕೂಗಿ ಸುಮ್ಮನಾದ ದಿನವೊಂದಿದೆ, ನಾವು ವರ್ಷ ಎಣಿಸುವುದು ಅಲ್ಲಿಂದ. ನನ್ನ ಮಾತುಗಳಲ್ಲಿ ಕೆಲವು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಪ್ರತಿವರ್ಷ ಹಿರಿಯರ ಹಬ್ಬದಲ್ಲಿ ಎಡೆ ಇಟ್ಟ ಮೇಲೆ ನಾವು 'ಮುಖದರ್ಶನ' ಮಾಡುತ್ತೇವೆ. ಅಂದರೆ, ತೀರಿಕೊಂಡವರ ಉಳಿದಿರುವ ವಿಡಿಯೋ ಗೋಡೆಯ ಮೇಲೆ ಹಾಕಿ ಮನೆಮಂದಿಯೆಲ್ಲ ಕೈಮುಗಿದು ನೋಡುವುದು. ನಿಮ್ಮದು ಒಂದೇ ಒಂದು ಉಳಿದಿದೆ, ಜೂನ್ ತಿಂಗಳ ಒಂದು ಬೆಳಗಿನದು. ಕೊಪ್ಪಳ ಸೀಮೆಯ ಕೆಂಪು ಮಸಾರಿ ನೆಲದಲ್ಲಿ ಹೊಸದಾಗಿ ಕಟ್ಟಿಸಿದ ಹೊಲದ ಮನೆ. ಅದರ ಹಿತ್ತಲಿನಾಚೆ ಮೊಣಕಾಲುದ್ದದ ಹಂಚಿಹುಲ್ಲು, ಅಲ್ಲಲ್ಲಿ ತಂಗಡಿ, ಬಾರಿ, ಕವಳಿ ಕಂಟಿಯ ಪೊದೆ. ನಡುವೆ ಹೆಗಲಿಗೆ ಸನ್ಮಾನದ ಹಸಿರು ಶಾಲು ಹಾಕಿಕೊಂಡು, ಕೈಯಲ್ಲಿ ಸಸಿ ಹಿಡಿದು ನೀವು ನಿಂತಿದ್ದೀರಿ. ಪಕ್ಕದಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರ ಗುರುಗುಡುತ್ತಿದೆ. "ನೋಡ್ರಿ, ಈ ಜಾಗಾ ಹಾಳು ಬಿದ್ದಿತ್ತು. ಬರೇ ಹುಲ್ಲು, ಬರೇ ಕಂಟಿ. ಎಲ್ಲಾ ಹಸನ ಮಾಡಿಸಿ ಗಿಡಾ ಹಚ್ಚತೀನಿ. ಪಾಪ, ಹಕ್ಕಿಪಕ್ಕಿಗೆ ಒಂದು ಮನಿ ಆಗ್ಲಿ" ಅನ್ನುತ್ತೀರಿ. ಅಷ್ಟರಲ್ಲಿ ನಿಮ್ಮ ಕಾಲ ಬುಡದಿಂದಲೇ ಒಂದು ಕೌಜುಗ ಬುರ್ರೆಂದು ಏಳುತ್ತದೆ. ನೀವು ಬೆಚ್ಚಿಬಿದ್ದು, ಆಮೇಲೆ ನಗುತ್ತೀರಿ. "ಏ, ಹಾರಿತು ನೋಡು!" ಎಂದು ಯಂತ್ರದವನಿಗೆ ಬಾ ಅಂತ ಕೈ ಮಾಡುತ್ತೀರಿ. ಯಂತ್ರ ಮುಂದೆ ಬರುತ್ತದೆ. ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಅಲ್ಲ, ಹಕ್ಕಿಯ ಮನೆ ಕೆಡವಿ ಹಕ್ಕಿಗೆ ಮನೆ ಮಾಡುತ್ತೇನೆ ಅಂದಿರಲ್ಲ, ನಿಮಗೆ ಏನು ಹೇಳಬೇಕು? ನೀವು ಕೆಟ್ಟವರಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ಬೇಸಿಗೆ ಬಂತೆಂದರೆ ಮಣ್ಣಿನ ಬಟ್ಟಲಲ್ಲಿ ಹಕ್ಕಿಗಳಿಗೆ ನೀರಿಡುತ್ತಿದ್ದಿರಂತೆ. ನಿಮ್ಮಂಥ ಒಳ್ಳೆಯವರೇ ಊರೂರಲ್ಲಿ ಹುಲ್ಲು ಕಂಡಲ್ಲೆಲ್ಲ ಬೀಳುಭೂಮಿ ಅಂತ ಕೆರೆಸಿ, ಹೊರದೇಶದ ಅಕೇಶಿಯಾ ಹಚ್ಚಿ, ಹಾರ ಹಾಕಿಸಿಕೊಂಡಿರಿ. ಮರ ಇದ್ದರೆ ಮಾತ್ರ ಕಾಡು ಅಂತ ನಿಮಗೆ ಹೇಳಿದವರು ಯಾರು? ಆ ಮರದ ಎಲೆ ಉದುರಿ ನೆಲದ ಮೇಲೆ ಚಾಪೆಯಂತೆ ಬಿತ್ತು. ಅದರಡಿ ಹುಲ್ಲು ಏಳಲಿಲ್ಲ, ಹುಳ ಹುಟ್ಟಲಿಲ್ಲ. ಮೊಲ ಹೋಯಿತು, ಚಿಗರಿ ಜಿಂಕೆ ಹೋಯಿತು. ಮರೆಯಾಗಿ ಕೂರಲು ಒಂದು ಹುಲ್ಲಿನ ಬುಡ ಸಿಗದೆ ಕೌಜುಗವೂ ಹೋಯಿತು.

ನೀವು ಹಚ್ಚಿದ್ದನ್ನು ಕೀಳುವುದೇ ನಮ್ಮ ಬಾಳುವೆಯಾಗಿದೆ. ಈಗ ಪ್ರತಿ ಮನೆಯ ಹಿಂದೆಯೂ 'ಬಿಡುನೆಲ' ಇರಲೇಬೇಕು. ಅಲ್ಲಿ ಕುಡಗೋಲು ಆಡಿಸುವಂತಿಲ್ಲ, ಕಸಬರಿಗೆ ತಾಗಿಸುವಂತಿಲ್ಲ. ಸೊಸೆಯಾಗಿ ಹೋಗುವವಳಿಗೆ ತವರಿನವರು ಉಡಿ ತುಂಬುವುದು ಅಕ್ಕಿ, ಕೊಬ್ಬರಿಯಿಂದಲ್ಲ, ಹುಲ್ಲಿನ ಬೀಜದಿಂದ. ನನ್ನ ತಾಯಿ ಉಡಿಯಲ್ಲಿ ಹಂಚಿಹುಲ್ಲು ತಂದು ಈ ಮನೆ ಹೊಕ್ಕವಳು. ಮಳೆ ಬಿದ್ದು ನೆಲ ಮೆತ್ತಗಾದ ದಿನವೆಲ್ಲ ಅಕೇಶಿಯಾದ ಬೇರು ಜಗ್ಗುತ್ತಿದ್ದಳು. ಕಿತ್ತಷ್ಟೂ ಚಿಗುರುತ್ತಿತ್ತು, ಚಿಗುರಿದಷ್ಟೂ ಕೀಳುತ್ತಿದ್ದಳು. ಕಡೆಕಡೆಗೆ ರೊಟ್ಟಿ ತಟ್ಟಲು ಅವಳ ಬೆರಳು ಮಡಚುತ್ತಿರಲಿಲ್ಲ. ಹುಲ್ಲು ಬಂತು. ಹುಲ್ಲಿನ ಹಿಂದೆ ಮೊಲ ಬಂತು. ಹೋದ ವರ್ಷ ದೂರದ ಗುಡ್ಡದ ಕಡೆಯಿಂದ ಚಿಗರಿಯೂ ಬಂತು. ಕೌಜುಗ ಮಾತ್ರ ಬರಲಿಲ್ಲ. ಎಲ್ಲಿಂದ ಬರಬೇಕು? ಬರಲಿಕ್ಕೆ ಎಲ್ಲಾದರೂ ಒಂದು ಉಳಿದಿರಬೇಕಲ್ಲ! ಅದರ ಕೂಗು ಹೇಗಿತ್ತು ಅಂತ ನಮ್ಮ ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲ.

ಮುಖದರ್ಶನದ ಹೊತ್ತಿನಲ್ಲಿ, ಆ ಹಕ್ಕಿ ಏಳುವ ಗಳಿಗೆಗೆ ಅವ್ವ ಪ್ರತಿವರ್ಷ ಮೈಮರೆತು ಗೋಡೆಗೆ ಕೂಗುತ್ತಿದ್ದಳು: "ಕಾಲು ನೋಡಿ ಇಡೋ ಮುತ್ಯಾ!" ನಾವೆಲ್ಲ ಮುಸಿಮುಸಿ ನಗುತ್ತಿದ್ದೆವು. ಈ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ನಿನ್ನೆ ಅವಳ ಕೂಗಿಲ್ಲದೆ ಆ ಗಳಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ, ಎದ್ದು ವಿಡಿಯೋ ನಿಲ್ಲಿಸಿದೆ. ನಿಮ್ಮ ಎಡಗಾಲ ಬುಡದ ಹುಲ್ಲಿನ ಸಂದಿಯಲ್ಲಿ ತೆಳು ಕೆನೆಬಣ್ಣದ ಮೊಟ್ಟೆಗಳಿದ್ದವು. ಅವ್ವ ಇಷ್ಟು ವರ್ಷ ಕೂಗಿದ್ದು ಅದಕ್ಕೆ. ನಮಗೆ ಒಬ್ಬರಿಗೂ ಕಂಡಿರಲಿಲ್ಲ.

ನಾನು ನಿಮ್ಮ ಎಡೆಯಿಂದ ಹೋಳಿಗೆ ತೆಗೆದು ಒಂದು ಹಿಡಿ ಹಂಚಿಹುಲ್ಲು ಇಟ್ಟೆ. ಮನೆಯೆಲ್ಲ ರಂಪವಾಯಿತು. "ಹಿರ್ಯಾರ ಎಡಿಗೆ ಹುಲ್ಲು ಇಡ್ತಾರೇನವಾ? ಅವ್ರೇನು ದನಾ ಅದಾರೇನು? ಪಾಪ, ಗಿಡಾ ಹಚ್ಚಿದ ಪುಣ್ಯಾತ್ಮ!" ಎಂದು ನನ್ನ ಅಣ್ಣನ ಹೆಂಡತಿ ಕಾಶವ್ವ ಎದೆ ಎದೆ ಬಡಿದುಕೊಂಡಳು. "ಹೋಳಿಗಿ ಉಣ್ಣುವಂಥಾ ಕೆಲಸಾ ಅವ್ರು ಮಾಡಿಲ್ಲ ವೈನಿ" ಎಂದು ಹೇಳಿ ಹೊರಗೆ ಬಂದೆ. ಆಮೇಲೆ ಈ ಪತ್ರಕ್ಕೆ ಕೂತೆ.

ಆ ಜೂನ್ ತಿಂಗಳ ಬೆಳಗು ನಿಮಗಿನ್ನೂ ಬಂದಿಲ್ಲದಿದ್ದರೆ ಕೇಳಿ. ಶಾಲು ವಾಪಸು ಕೊಡಿ. ಯಂತ್ರ ತಿರುಗಿಸಿ ಕಳಿಸಿ. ಸಸಿ ಹಚ್ಚಲೇಬೇಕಿದ್ದರೆ ಮನೆಯ ಮುಂದೆ ಒಂದು ಬೇವು ಹಚ್ಚಿ, ನೆರಳಲ್ಲಿ ಕೂತುಕೊಳ್ಳಿ. ಹಿಂದಿನ ಹುಲ್ಲಿನ ತಂಟೆಗೆ ಹೋಗಬೇಡಿ. "ಈರಸಂಗಪ್ಪ ಹೊಲಾ ಬೀಳು ಕೆಡವ್ಯಾನ" ಅಂತ ಊರು ನಕ್ಕರೆ ನಗಲಿ. ನೀವು ಇಷ್ಟು ಕೇಳಿದರೆ ಈ ಪತ್ರದ ಮೇಲಿನ ತಾರೀಖೇ ಹುಟ್ಟುವುದಿಲ್ಲ. ನನ್ನವ್ವನ ಬೆರಳು ಸೆಟೆಯುವುದಿಲ್ಲ.

ಬೈದು ಬೈದು ಬಾಯಿ ಸೋತಿತು. ಮುತ್ಯಾ, ಕಾಲಿಗೆ ಬೀಳತೀನಿ, ಆ ಎಡಗಾಲು ಒಂಚೂರು ಹಿಂದಕ ಇಡು. ಹುಲ್ಲಾಗ ತತ್ತಿ ಅದಾವು.